ಹಂಡೆಯ ನೀರು

ನಾಲ್ಕು ಗಂಟೆಗೆ ಮೀನಿಗೆ ನೀರು ಹಾಕುವುದೆಂದು ಅತ್ತೆ ಬೆಳಗಿನಿಂದ ಎರಡು ಸಲ ಹೇಳಿಯಾಗಿತ್ತು. ಈಗಿನ್ನೂ ಹತ್ತೂವರೆ. ಮಹತಿ ಅಡುಗೆಮನೆಯ ಕಟ್ಟೆಗೆ ಒರಗಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಎದುರಿಗೆ, ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ, ಜಾಲರಿಯಿಂದ ಬಿಸಿಲು ಬೀಳುವ ಮೂಲೆಯಲ್ಲಿ ತಾಮ್ರದ ಹಂಡೆ ಕೂತಿತ್ತು. ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅದರ ಕಂಠಕ್ಕೇ ಹೋಗುತ್ತಿತ್ತು. ನಿನ್ನೆ ಹುಣಸೆಹಣ್ಣು ಹಚ್ಚಿ ಉಜ್ಜಿದ್ದರಿಂದ ಅದರ ಹೊಳಪು ಕಣ್ಣಿಗೆ ಚುಚ್ಚುತ್ತಿತ್ತು. ಒಳಗೆ ನಲವತ್ತು ಲೀಟರು ನೀರು. ಖಾಲಿ ಹಂಡೆಯೆಂದು ಕೈ ಹಾಕಿದವರು ಬೆಚ್ಚಿ ಕೈ ತೆಗೆಯಬೇಕು, ಅಷ್ಟು ತಿಳಿ. ಆ ನೀರು ಮುಂದಿನ ಹಾಲ್‌ನಲ್ಲಿರುವ ಗಾಜಿನ ತೊಟ್ಟಿಗೆ ಬಿದ್ದರೆ, ಇವತ್ತು ಬೆಳಿಗ್ಗೆ ಮೊಟ್ಟೆಯೊಡೆದು ಹೊರಬಂದ ಮರಿಗಳಲ್ಲಿ ಒಂದೂ ನಾಳೆಗೆ ಉಳಿಯುವುದಿಲ್ಲ. ಇದು ಮಹತಿಗೆ ನಿನ್ನೆ ಮಧ್ಯಾಹ್ನದಿಂದ ಗೊತ್ತು. ಮನೆಯಲ್ಲಿ ಇನ್ನಾರಿಗೂ ಗೊತ್ತಿಲ್ಲ. ಮನೆಯಲ್ಲಿ ಇನ್ನು ಇರುವುದು ಒಬ್ಬರೇ.

"ಮಹತೀ, ಬಾರೇ ಇಲ್ಲಿ, ಬೇಗ ಬಾ," ಎಂದು ಅತ್ತೆ ಪಂಕಜಾ ಹಾಲ್‌ನಿಂದ ಕೂಗಿದರು. ಆ ದನಿಯಲ್ಲಿ ಒಂದು ವರ್ಷ ಎಂಟು ತಿಂಗಳಿಂದ ಈ ಮನೆಯಲ್ಲಿ ಕೇಳಿಸದಿದ್ದದ್ದು ಏನೋ ಇತ್ತು. ಮಹತಿ ಹುರುಳಿಕಾಯಿ ಬಿಟ್ಟು ಹೋದಳು. ಅತ್ತೆ ತೊಟ್ಟಿಯ ಎದುರು ಮಣೆ ಹಾಕಿಕೊಂಡು, ಪೇಪರು ಓದುವ ಭೂತಗನ್ನಡಿಯನ್ನು ಗಾಜಿಗೆ ತಗುಲಿಸಿ ಹಿಡಿದು ಕೂತಿದ್ದರು. ತೊಟ್ಟಿಯ ನಡುವೆ, ಮೀನು ಮೊಟ್ಟೆಯಿಡಲೆಂದು ಕವುಚಿಟ್ಟ ಮಣ್ಣಿನ ಶಂಕು. ಅದಕ್ಕೆ ಅಂಟಿಕೊಂಡು ಸೂಜಿಯ ತಲೆಯಷ್ಟು ಕಪ್ಪು ಚುಕ್ಕೆಗಳು, ಒಂದೊಂದಕ್ಕೂ ಕೂದಲೆಳೆಯಂಥ ಬಾಲ. ಬಾಲಗಳೆಲ್ಲ ಬಿಡುವಿಲ್ಲದೆ ನಡುಗುತ್ತಿದ್ದವು. ತಟ್ಟೆಯ ಹಾಗೆ ಚಪ್ಪಟೆಯಾದ ಎರಡು ಡಿಸ್ಕಸ್ ಮೀನು, ಕೆಂಪು ಮೈಮೇಲೆ ನೀಲಿ ಗೆರೆ, ಸರದಿಯಲ್ಲಿ ನಿಂತು ರೆಕ್ಕೆಯಾಡಿಸಿ ಮರಿಗಳ ಮೇಲೆ ನೀರು ಬೀಸುತ್ತಿದ್ದವು. "ಎಪ್ಪತ್ಮೂರು. ಎರಡು ಸಲ ಎಣಿಸ್ದೆ. ನೀನೊಂದ್ಸಲ ಎಣಿಸು, ನಿನ್ ಕಣ್ಣು ಚೂಪು." ಮಹತಿ ಬಗ್ಗಿ ನೋಡಿದಳು. ಹದಿನೈದರ ಹೊತ್ತಿಗೆ ಚುಕ್ಕೆಗಳು ಒಂದರೊಳಗೊಂದು ಸೇರಿಹೋದವು. ಕಣ್ಣು ಮುಚ್ಚಿ ತೆರೆದಳು. "ಎಪ್ಪತ್ಮೂರು," ಅಂದಳು. "ನೋಡ್ದಾ, ಮೂವತ್ತು ವರ್ಷ ಲೆಕ್ಕ ಹೇಳ್ಕೊಟ್ಟ ಕಣ್ಣು ಕಣೇ ಇದು," ಎಂದು ಪಂಕಜಾ ನಕ್ಕರು. ಅವರು ನಕ್ಕಾಗ ಕೆಳಗಿನ ಹಲ್ಲು ಒಂದು ಸ್ವಲ್ಪ ಒಳಗಿರುವುದು ಕಾಣುತ್ತದೆ. ಗಂಡ ಚರಣನ ಹಲ್ಲೂ ಹಾಗೇ ಇತ್ತು. ಅವಳು ಅದನ್ನು ಮರೆತಿದ್ದಳು.

ಮೀನು ಸಾಕುವ ಮನೆಯಲ್ಲ ಅದು. ಮಗ ತೀರಿಹೋದ ಎಂಟನೆಯ ತಿಂಗಳು ಪಂಕಜಾ ಆರ್.ಟಿ. ನಗರದಲ್ಲಿ ಯಾರನ್ನೋ ನೋಡಲು ಹೋದವರು, ಬರುವಾಗ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಮೀನು ಹಿಡಿದುಕೊಂಡು ಬಂದಿದ್ದರು. ಯಲಹಂಕದ ತನಕ ಬಸ್ಸಿನಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಂದೆ ಅಂದರು. ಯಾಕೆ ಎಂದು ಮಹತಿ ಕೇಳಲಿಲ್ಲ. ಆ ದಿನಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಏನೂ ಕೇಳುತ್ತಿರಲಿಲ್ಲ. ಜೋಡಿ ಬಲಿತು ಮೊದಲ ಸಲ ಮೊಟ್ಟೆಯಿಟ್ಟಾಗ ಪಂಕಜಾ ನೂರಾ ನಲವತ್ತು ಎಣಿಸಿದ್ದರು. ಎರಡನೆಯ ದಿನ ಒಂದೊಂದಾಗಿ ಎಲ್ಲವೂ ಬೆಳ್ಳಗಾದವು, ಅನ್ನದ ಅಗುಳಿನ ಹಾಗೆ. ಮತ್ತೆ ಮೂರು ಸಲ ಇಟ್ಟವು, ಮೂರು ಸಲವೂ ಬೆಳ್ಳಗಾದವು. ಪ್ರತಿ ಸಲ ಪಂಕಜಾ ಶಂಕುವನ್ನು ಹೊರಗೆ ತೆಗೆದು, ನಲ್ಲಿಯ ಕೆಳಗೆ ಹಿಡಿದು, ಒಂದು ಮಾತೂ ಆಡದೆ ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ನಾಲ್ಕನೆಯ ಸಲದ ನಂತರ ಎರಡು ದಿನ ಊಟ ಬಿಟ್ಟರು. ಆಮೇಲೆ ಫೋನು ಮಾಡಿ ಜಿಯಾವುಲ್ಲಾನನ್ನು ಕರೆಸಿದರು.

ಮೀನಿನ ಅಂಗಡಿಯ ಜಿಯಾವುಲ್ಲಾ ನಲ್ಲಿಯ ನೀರಿಗೆ, ಕರಗಿದ ಲವಣ ಅಳೆಯುವ ಪೆನ್ನಿನಂಥ ಮೀಟರು ಅದ್ದಿ, ಅದನ್ನು ಎತ್ತಿ, ಮತ್ತೆ ಅದ್ದಿದ. "ಅಮ್ಮಾ, ಒಂಬೈನೂರಾ ನಲವತ್ತು! ಈ ಬೋರ್ ನೀರಲ್ಲಿ ಮರಿ ಅಲ್ಲ, ಸಿಮೆಂಟ್ ಆಗುತ್ತೆ. ಮೊಟ್ಟೆ ಕಲ್ಲಾಗಿ ಕೂತ್ಕೊಳ್ತದೆ, ಪಾಪ, ಅಪ್ಪ ಮೀನು ಏನ್ ಮಾಡ್ತದೆ ಅದ್ರಲ್ಲಿ?" ಹೋದ ಭಾನುವಾರ ಅವನೇ ನೀರು ಸೋಸುವ ಸಾಮಾನು ತಂದು ಜೋಡಿಸಿದ. ಗೋಡೆಗೆ ಮೂರು ಬಿಳಿಯ ಕೊಳವೆ, ಅಡ್ಡಲಾಗಿ ಒಂದು ಪೊರೆಯ ಕೊಳವೆ, ಕೊನೆಗೆ ಗೋಧಿಯ ಬಣ್ಣದ ಹರಳು ತುಂಬಿದ ಇನ್ನೊಂದು. ನೀರು ಒಂದು ಕಡೆಯಿಂದ ಒಳಗೆ ಹೋಗುವುದು, ಕೆಟ್ಟದ್ದು ಒಂದು ನಳಿಕೆಯಲ್ಲಿ ನೆಲ ಒರೆಸುವ ಬಕೆಟ್ಟಿಗೆ, ಒಳ್ಳೆಯದು ಇನ್ನೊಂದರಲ್ಲಿ ತೊಟ್ಟುತೊಟ್ಟಾಗಿ ನೀಲಿ ಡ್ರಮ್ಮಿಗೆ. ಡ್ರಿಲ್ಲಿನ ಧೂಳು ಗಡ್ಡದ ಮೇಲೆ ಕೂತದ್ದನ್ನೂ ಲೆಕ್ಕಿಸದೆ ಅವನು ಮೀಟರನ್ನು ಅತ್ತೆಯ ಕೈಗೆ ಕೊಟ್ಟ. "ನೀವೇ ನೋಡಿ ಅಮ್ಮಾ." ಪಂಕಜಾ ಕನ್ನಡಕ ಏರಿಸಿ ಓದಿದರು: "ಒಂಬತ್ತು." ಮೊದಲ ಸಲ ಮೂರು ಪಾಲು ಇದು, ಒಂದು ಪಾಲು ಬೋರ್ ನೀರು, ಆಮೇಲಿನದ್ದೆಲ್ಲ ಬರೀ ಇದೇ ಎಂದು ಅವನು ಹೇಳಿದ್ದನ್ನು ಪಂಕಜಾ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಮಹತಿ ಬಾಗಿಲಲ್ಲಿ ನಿಂತು ಆ ಅಂಕಿಯನ್ನು ನೋಡುತ್ತಿದ್ದಳು. ಯಂತ್ರದ ಮೈಮೇಲೆ ಬೂದು ಬಣ್ಣದಲ್ಲಿ ಮೂಡಿದ ಅಂಕಿ ಎಂದರೆ ಅವಳಿಗೆ ಅಂಗೈ ಬೆವರುತ್ತಿತ್ತು. ನಾಗಸಂದ್ರದ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಅವಳ ಕೆಲಸವೇ ಅಂಕಿ ಓದುವುದು. ಅಲ್ಲಿ ಬೆವರುತ್ತಿರಲಿಲ್ಲ, ಅಲ್ಲಿ ಅಂಕಿಗೆ ಯಾರೂ ಸಾಯುವುದಿಲ್ಲ.

ಐದನೆಯ ಸಲ ಮೊಟ್ಟೆ ಬಿದ್ದದ್ದು ಗುರುವಾರ. ಶುಕ್ರವಾರ ಬೆಳ್ಳಗಾಗಲಿಲ್ಲ. ಶನಿವಾರವೂ ಆಗಲಿಲ್ಲ, ಒಳಗೆ ಕಪ್ಪು ಕಣ್ಣು ಕಂಡಿತು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಬಂದರೆ ಹಿಂದಿನ ಬೀದಿಯಲ್ಲಿ ಹಸು ಕಟ್ಟಿರುವ ಗೋಪಾಲಮ್ಮ ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಯುಟಿಲಿಟಿಯಲ್ಲಿ ಸೀರೆ ಎತ್ತಿ ಕಟ್ಟಿ ಕೂತು ಹಂಡೆ ಉಜ್ಜುತ್ತಿದ್ದಳು. ಅಟ್ಟದಿಂದ ಇಬ್ಬರೂ ಸೇರಿ ಇಳಿಸಿದ್ದರಂತೆ. ಆ ಹಂಡೆ ಪಂಕಜಾ ಅವರ ಅತ್ತೆಯ ತವರಿನದು. ಮನೆಯಲ್ಲಿ ಹುಟ್ಟಿದ ಮಗುವಿನ ಮೊದಲ ಸ್ನಾನದ ನೀರು ಅದರಲ್ಲೇ ಬಿಸಿಲಿಗಿಟ್ಟು ಕಾಯಿಸಬೇಕು, ಒಲೆ ತಾಕಿಸಕೂಡದು. ಚರಣನಿಗೂ ಹಾಗೇ ಆಗಿತ್ತು. "ಆ ನೀಲಿ ಡ್ರಮ್ಮಲ್ಲಿ ಎಳೇ ಮಕ್ಳಿಗೆ ನೀರಿಡೋದಾ? ನಂಗ್ಯಾಕೋ ಮನಸ್ಸೇ ಬರ್ಲಿಲ್ಲ," ಎಂದು ಪಂಕಜಾ ಮಹತಿಗೆ ಹೇಳಿದರು. ಗೋಪಾಲಮ್ಮ ಹುಣಸೆಹಣ್ಣಿನ ಉಂಡೆಯಿಂದ ಒಳಗಿನ ಕಪ್ಪನ್ನು ತಿಕ್ಕುತ್ತಿದ್ದವಳು ತಲೆಯೆತ್ತಿದಳು. "ಕೇಳವ್ವ ಮಗಾ. ಬ್ರಾಂಬ್ರ ಮನೇಲಿ ಮೀನ್ಗೆ ಅಂಡೆ ನೀರು, ಬಾಣಂತನ. ನಮ್ಮನೇಲಿ ಮೀನ್ಗೆ ಬರೀ ಉಣಸೆ ನೀರು, ಒಂದಿಷ್ಟು ಖಾರ!" ಪಂಕಜಾ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಥೂ, ಸುಮ್ನಿರೇ, ಅವಕ್ಕೆ ಕೇಳ್ಸುತ್ತೆ." ಗೋಪಾಲಮ್ಮನ ಕೈಕೆಳಗೆ ಹಂಡೆಯ ಒಳಮೈ ಕರಿಯಿಂದ ಕಂದಾಗಿ, ಕಂದಿನಿಂದ ಎಳೆಯ ಕೆಂಪಾಗಿ ತೆರೆದುಕೊಳ್ಳುತ್ತಿತ್ತು, ಚರ್ಮ ಸುಲಿದ ಹಾಗೆ.

ಜ್ಞಾನಭಾರತಿಯ ಎಂ.ಎಸ್ಸಿ. ತರಗತಿಯಲ್ಲಿ ಒಬ್ಬ ಮೇಷ್ಟ್ರು ಹೇಳುತ್ತಿದ್ದರು: ಎಲ್ಲವನ್ನೂ ಕಿತ್ತುಕೊಂಡ ನೀರು ಹಸಿದಿರುತ್ತದೆ, ಮುಟ್ಟಿದ್ದರಿಂದೆಲ್ಲ ಒಂದಿಷ್ಟು ತಿನ್ನುತ್ತದೆ. ಮಾಸಲು ತೆಗೆದ ತಾಮ್ರ, ಹಸಿದ ನೀರು, ಮೇಲೆ ಬಿಸಿಲು. ಇದಕ್ಕೆ ಪುಸ್ತಕ ತೆರೆಯಬೇಕಾಗಿರಲಿಲ್ಲ. ತಾಮ್ರದ ಒಂದು ಕಾಳಷ್ಟು ಅಂಶಕ್ಕೆ ಎಳೆಯ ಮೀನಿನ ಕಿವಿರು ಸುಡುತ್ತದೆ. ಮೀಟರು ಅದನ್ನು ತೋರಿಸುವುದೂ ಇಲ್ಲ, ಒಂಬತ್ತು ಇದ್ದದ್ದು ಹತ್ತಾಗಬಹುದು, ಹನ್ನೊಂದಾಗಬಹುದು, ಅಷ್ಟೇ. ಅಮ್ಮ, ತಾಮ್ರ ಆಗಲ್ಲ. ಮೂರು ಪದ. ಬ್ಯಾಗು ಇನ್ನೂ ಹೆಗಲಲ್ಲಿತ್ತು. ಬಾಯಿ ತೆರೆದಳು. ಅತ್ತೆ ಬಗ್ಗಿ ಹಂಡೆಯೊಳಗೆ ಮುಖವಿಟ್ಟು "ಊ" ಅಂದರು, ಹಂಡೆ "ಊ" ಅಂದಿತು. ಚಿಕ್ಕವನಿದ್ದಾಗ ಚರಣ ಹಾಗೆ ಮಾಡುತ್ತಿದ್ದನಂತೆ. ಅವರ ಮುಖ ಮೇಲೆ ಬಂದಾಗ ಅದರ ತುಂಬ ತಾಮ್ರದ ಬೆಳಕಿತ್ತು. ಮಹತಿ ಕೈಕಾಲು ತೊಳೆಯಲು ಒಳಗೆ ಹೋದಳು. ಸಂಜೆ ಹೇಳೋಣ ಅಂದುಕೊಂಡಳು. ಸಂಜೆ ಹೇಳೋಣ ಎಂಬ ಮಾತು ಮನಸ್ಸಿನಲ್ಲಿ ಮೂಡಿದ್ದೇ ಬಚ್ಚಲಿನ ಗೋಡೆ ಹಿಡಿದುಕೊಂಡಳು.

ಯಾಕೆಂದರೆ ಆ ಮಾತನ್ನು ಅವಳು ಹಿಂದೊಮ್ಮೆ ಅಂದುಕೊಂಡಿದ್ದಳು, ಹನ್ನೊಂದು ನಲವತ್ತಕ್ಕೆ. ಕಾರ್ಖಾನೆಯ ಲ್ಯಾಬಿನ ಮೇಜಿನ ಮೇಲೆ ಫೋನು ಒಮ್ಮೆ ಅದುರಿತ್ತು. ಚರಣನ ರಕ್ತದ ರಿಪೋರ್ಟು. ಡೆಂಗಿಯ ನಾಲ್ಕನೆಯ ದಿನ. ಪ್ಲೇಟ್‌ಲೆಟ್ಟು ಮೂವತ್ತೆಂಟು ಸಾವಿರ. ಅರ್ಧ ಗಂಟೆಯ ಹಿಂದೆ ಅವನದೇ ಮೆಸೇಜು ಬಂದಿತ್ತು: ಜ್ವರ ಬಿಟ್ಟಿದೆ, ಅಮ್ಮನ ಸಾರು ಕುಡಿದೆ, ನೀನು ಆಡಿಟ್ ಮುಗಿಸಿಯೇ ಬಾ. ಫೋನಿನಲ್ಲಿ ಹೇಳಿದರೆ ಇಬ್ಬರೂ ಹೆದರುತ್ತಾರೆ. ಸಂಜೆ ಹೇಳೋಣ, ಪಕ್ಕದಲ್ಲಿ ಕೂತು, ಮೆಲ್ಲಗೆ. ಫೋನನ್ನು ಮಗುಚಿ ಇಟ್ಟಳು. ಆರು ಗಂಟೆಗೆ ಅವನ ಪಕ್ಕದಲ್ಲಿ ಕೂತು "ಸ್ವಲ್ಪ ಕಮ್ಮಿ ಇದೆ, ಒಂದ್ಸಲ ತೋರ್ಸ್ಕೊಂಡ್ ಬರೋಣ" ಅಂದಾಗ ಅವನ ಒಸಡಿನಲ್ಲಿ ಕೆಂಪು ಕಾಣುತ್ತಿತ್ತು. "ಯಾವಾಗ ಬಂತು ರಿಪೋರ್ಟು?" ಎಂದು ಪಂಕಜಾ ಕೇಳಿದರು. "ಈಗ." ಆಸ್ಪತ್ರೆಯಲ್ಲಿ ಡಾಕ್ಟರು ಕಡತದಿಂದ ತಲೆಯೆತ್ತದೆಯೇ ಬೆಳಿಗ್ಗೆಯೇ ಕರೆದುಕೊಂಡು ಬರಬೇಕಿತ್ತು ಅಂದರು. ಹದಿಮೂರನೆಯ ದಿನ ಊಟಕ್ಕೆ ಬಂದವರೆಲ್ಲ ರಕ್ತಪರೀಕ್ಷೆಯ ಲ್ಯಾಬಿನವರನ್ನು ಬೈದರು, ರಿಪೋರ್ಟು ಸಂಜೆಯವರೆಗೆ ತಡ ಮಾಡಿದ್ದಕ್ಕೆ. ಮಹತಿ ಎಲೆಗಳಿಗೆ ಉಪ್ಪು ಬಡಿಸುತ್ತಿದ್ದಳು. ಇವತ್ತಿಗೂ ಆ ಲ್ಯಾಬಿನ ಬೋರ್ಡಿನ ಮುಂದೆ ಆಟೋ ಹಾದರೆ ಪಂಕಜಾ ಮುಖ ತಿರುಗಿಸಿ "ಇವರೇ" ಅನ್ನುತ್ತಾರೆ. ಒಂದೇ ಪದ. ಮಹತಿ ಅಂದು ಹೇಳಿದ್ದೂ ಒಂದೇ ಪದ: ಈಗ.

ಶನಿವಾರ ಸಂಜೆ ಹೇಳಲಿಲ್ಲ. ನೀರು ತೊಟ್ಟಿಕ್ಕುವ ಸದ್ದು ಕೇಳುತ್ತ ಮಲಗಿದಳು. ಬೆಳಿಗ್ಗೆ ಎದ್ದಾಗ ಮರಿ ಹೊರಬಂದಿದ್ದವು, ಪಂಕಜಾ ಸ್ನಾನ ಮುಗಿಸಿ ತೊಟ್ಟಿಯ ಮುಂದೆ ಕೂತಿದ್ದರು, ಇನ್ನು ಹೇಳುವುದು ಮತ್ತೂ ಕಷ್ಟವಾಯಿತು. ಊಟಕ್ಕೆ ಕೂತಾಗ "ಅಮ್ಮಾ" ಅಂದಳು. ಪಂಕಜಾ ಕೈ ತಡೆದು ನೋಡಿದರು, "ಏನೇ?" "ಪಲ್ಯಕ್ಕೆ ಉಪ್ಪು ಸರಿಯಾಗಿದೆಯಾ?" "ಆಗ್ಲೇ ಒಂದ್ಸಲ ಕೇಳ್ದೆ ಕಣೇ. ಯಾಕ್ ಹಂಗಿದೀಯ, ಹೊಟ್ಟೆನೋವಾ?" ಏರ್‌ಫೋರ್ಸಿನ ವಿಮಾನವೊಂದು ಮನೆಯ ಮೇಲೆ ಹಾದು ಕಿಟಕಿಯ ಗಾಜು ಗುಂಯ್ಗುಟ್ಟಿತು. ತೊಟ್ಟಿಯ ಮೀನುಗಳು ಬೆದರಿ ಶಂಕುವಿಗೆ ಅಂಟಿಕೊಂಡವು. "ಹಾಳಾದವು, ಭಾನುವಾರವೂ ಬಿಡಲ್ಲ," ಎಂದು ಪಂಕಜಾ ಎಡಗೈ ಎತ್ತಿ, ಯಾರದೋ ಬೆನ್ನು ತಟ್ಟುವ ಹಾಗೆ, ಗಾಜಿನ ಕಡೆ ಆಡಿಸಿದರು. ತಾಯಿಮೀನಿನ ಮೈಮೇಲೊಂದು ಲೋಳೆ ಬರುತ್ತದಂತೆ, ಅದನ್ನೇ ಮರಿಗಳು ಕಚ್ಚಿ ತಿಂದು ಬೆಳೆಯುತ್ತವಂತೆ. "ಮೈನೇ ಹಾಲು. ಜಿಯಾವುಲ್ಲಾ ಹೇಳ್ದ. ಇನ್ನ ಎರಡು ದಿನ ಕಣೇ, ಶಂಕು ಬಿಟ್ಟು ಅವಳ ಮೈಗೆ ಹತ್ಕೋತವೆ. ಅದನ್ನೊಂದು ನೋಡ್ಬೇಕು ನಾನು." ಮಹತಿ ಮಜ್ಜಿಗೆಯ ಲೋಟ ಕೆಳಗಿಟ್ಟಳು. ಹೇಳದೆ ಇರುವುದು ಭಯದಿಂದಲೋ, ಇಲ್ಲ ತನ್ನ ಮಡಿಲಿಗೆ ದಕ್ಕದ ಆ ನೋಟ ಅತ್ತೆಗೂ ಸಿಗದಿರಲಿ ಎಂದೋ? ಯಾವ ಮೂಲೆಯಿಂದ ಬಂತು ಈ ಪ್ರಶ್ನೆ? ಅದನ್ನು ಅವಳು ಪೂರ್ತಿ ನೋಡಲಾರದೆ ಹೋದಳು.

ಮೂರು ಗಂಟೆಗೆ ಪಂಕಜಾ ಹಂಡೆಗೆ ಮೀಟರು ಅದ್ದಿದರು. "ಹನ್ನೊಂದು! ನೋಡೇ, ಎಷ್ಟು ಶುದ್ಧ." ಮಹತಿಗೆ ಆ ಹೊತ್ತಿಗೆ ಉಳಿದಿದ್ದದ್ದು ಒಂದೇ ಆಸೆ. ಮರಿ ನೋಡಲು ಜಿಯಾವುಲ್ಲಾ ಬರುತ್ತೇನೆಂದಿದ್ದ. ಅವನು ಬಂದರೆ ಹಂಡೆ ನೋಡುತ್ತಾನೆ, ನೋಡಿದರೆ ಹೇಳುತ್ತಾನೆ, ಅವಳು ಹೇಳಬೇಕಾಗುವುದಿಲ್ಲ. ಗೇಟಿನ ಪ್ರತಿ ಸದ್ದಿಗೂ ಎದ್ದು ನೋಡಿದಳು. ತರಕಾರಿ ಗಾಡಿ. ಪಕ್ಕದ ಮನೆಯ ಸ್ಕೂಟರು. ಮೂರು ಐವತ್ತಕ್ಕೆ ಫೋನು ಬಂತು, ಪಂಕಜಾ ಸ್ಪೀಕರಿಗೆ ಹಾಕಿದರು. "ಅಮ್ಮಾ, ಹೆಬ್ಬಾಳ ಫ್ಲೈಓವರ್ ಹತ್ರ ಸಿಕ್ಕಾಕ್ಕೊಂಡಿದೀನಿ. ಯಾವ್ನೋ ಲಾರಿ ಅಡ್ಡ ನಿಲ್ಸಿದಾನೆ, ಹಿಂದೆನೂ ಇಲ್ಲ ಮುಂದೆನೂ ಇಲ್ಲ. ನೀವು ಹಾಕ್ಬಿಡಿ, ನನಗೆ ಕಾಯ್ಬೇಡಿ. ಮೀಟರ್ ಎಷ್ಟು?" "ಹನ್ನೊಂದಪ್ಪ." "ಫಸ್ಟ್ ಕ್ಲಾಸ್! ಅರ್ಧ ತೆಗ್ದು ಅರ್ಧ ಹಾಕಿ, ಮೆಲ್ಲಗೆ. ಟೆನ್ಶನ್ ತಗೋಬೇಡಿ." ಯಾವುದರಲ್ಲಿ ಇಟ್ಟಿದ್ದೀರಿ ಎಂದು ಕೇಳು. ಮಹತಿ ಆ ಕಪ್ಪು ಫೋನನ್ನೇ ನೋಡುತ್ತ ನಿಂತಳು. ಕೇಳು, ಒಂದು ಸಲ ಕೇಳು. ಹಿಂದಿನಿಂದ ಹಾರನ್ನುಗಳು. "ಇಡ್ತೀನಮ್ಮಾ," ಅಂದ ಜಿಯಾವುಲ್ಲಾ.

ಪಂಕಜಾ ಸೆರಗು ಸಿಕ್ಕಿಸಿ ಯುಟಿಲಿಟಿಗೆ ಹೋದರು. ಮಹತಿ ಹಿಂದೆ ಹೋದಳು. ಅತ್ತೆ ಹಿತ್ತಾಳೆಯ ಚೊಂಬನ್ನು ಹಂಡೆಯಲ್ಲಿ ಮುಳುಗಿಸಿ ಎತ್ತಿ, ಮೊಣಕೈಯನ್ನು ನೀರಿಗೆ ತಾಕಿಸಿ ಬಿಸಿ ನೋಡಿ, ತಲೆಯಾಡಿಸಿದರು. ಮಗುವಿಗೆ ನೋಡುವ ಹಾಗೆ. ತಿರುಗಿದಾಗ ಮಹತಿ ಅಡುಗೆಮನೆಯ ಬಾಗಿಲಲ್ಲಿ ಎರಡೂ ಚೌಕಟ್ಟು ಹಿಡಿದು ನಿಂತಿದ್ದಳು. "ದಾರಿ ಬಿಡೇ." ಅವಳು ಬಿಡಲಿಲ್ಲ. "ಮಹತೀ? ಏನಾಯ್ತು?" ಅವಳಿಗೆ ಮಾತು ಬರುವುದಿಲ್ಲವೆಂದು ಆ ಗಳಿಗೆಯಲ್ಲಿ ಖಂಡಿತವಾಯಿತು. ಅತ್ತೆಯ ಪಕ್ಕದಿಂದ ನುಗ್ಗಿ ಕಾಲೆತ್ತಿ ಹಂಡೆಯ ಕಂಠಕ್ಕೆ ಒದ್ದಳು. ಗುಂಡು ತಳದ ಹಂಡೆ ಕಬ್ಬಿಣದ ಬಳೆಯ ಮೇಲೆ ಒಮ್ಮೆ ಓಲಾಡಿ, ತಡೆದು, ಮಗುಚಿತು. ದೇವಸ್ಥಾನದ ಗಂಟೆ ಬಿದ್ದಂಥ ಸದ್ದು. ನಲವತ್ತು ಲೀಟರು ಒಂದೇ ಸಲಕ್ಕೆ ಮೆಷಿನ್ನಿನ ಕೆಳಗೆ, ಪೊರಕೆಯ ಕೆಳಗೆ, ಇಬ್ಬರ ಪಾದಗಳ ಸುತ್ತ. ಬೆಚ್ಚಗಿತ್ತು. ಪಂಕಜಾ ಕೈಯಲ್ಲಿದ್ದ ಚೊಂಬನ್ನು ಎದೆಗೆ ಒತ್ತಿಕೊಂಡರು. ಅದನ್ನೂ ಮಹತಿ ಕಿತ್ತುಕೊಂಡು ಚೆಲ್ಲಿದಳು.

"ತಾಮ್ರ," ಅಂದಳು. ದನಿ ತನ್ನದಲ್ಲದ ಹಾಗೆ ಬಂತು. "ಈ ನೀರು ತಾಮ್ರ ಕರಗ್ಸುತ್ತೆ. ಮರಿ ಎಲ್ಲ ಸತ್ತೋಗ್ತವೆ. ಮೀಟರಲ್ಲಿ ಕಾಣಲ್ಲ ಅದು."

ಪಂಕಜಾ ಮಗುಚಿದ ಹಂಡೆಯನ್ನು ನೋಡಿದರು, ಆಮೇಲೆ ಅವಳನ್ನು. ಮೂವತ್ತು ವರ್ಷ ಮಕ್ಕಳ ಮುಖ ನೋಡಿ ಉತ್ತರ ಎಲ್ಲಿಂದ ಕದ್ದದ್ದೆಂದು ಹೇಳುತ್ತಿದ್ದ ಕಣ್ಣು. "ನಿಂಗೆ ನಿನ್ನೇನೇ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ?"

"ಹೆದ್ರಿಕೆ ಆಯ್ತು."

"ನಾನು ತಡ್ಕೊಳಕ್ಕಾಗ್ದೆ," ಎಂದು ಪಂಕಜಾ ಬಹಳ ಮೆಲ್ಲಗೆ ಹೇಳಿದರು, "ಬೆಳಿಗ್ಗೆ ಐದೂವರೆಗೆ ಅವು ಹೊರಗೆ ಬಂದ್ವಲ್ಲ, ನೀನು ಮಲಗಿದ್ದೆ. ಈ ನೀರೇ ಮೂರು ಚೊಂಬು ಹಾಕ್ದೆ. ಶಂಕುವಿನ ಮೇಲೇ. ಮೊದಲ್ನೇ ನೀರು ಅಂತ."

ನಾಲ್ಕು ಗಂಟೆ ಎಂಬುದು ಇರಲೇ ಇಲ್ಲ. ಅವಳು ಹುರುಳಿಕಾಯಿ ಬಿಡಿಸುತ್ತ ಗಡಿಯಾರ ನೋಡುತ್ತಿದ್ದಾಗಲೇ ಅದು ಮುಗಿದಿತ್ತು. ತಲೆ ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿತು: ತೊಟ್ಟಿಯಲ್ಲಿ ಎಂಬತ್ತು ಲೀಟರು, ಮೂರು ಚೊಂಬು, ಅಷ್ಟು ಪಾಲಿಗೆ ಇಷ್ಟು, ಉಳಿದರೂ ಉಳಿಯಬಹುದು. ಒದ್ದೆ ನೆಲದ ಮೇಲೆ ಕೂತುಬಿಟ್ಟಳು. ಸೀರೆಯ ನೆರಿಗೆ ಹಿಡಿದು ನಿಂತಿದ್ದ ಅತ್ತೆಯ ಪಾದಗಳು ಕಣ್ಣೆದುರಿಗಿದ್ದವು, ಉಗುರಿನ ಸುತ್ತ ಹುಣಸೆಯ ಕಂದು. ಆ ಪಾದಗಳಿಗೆ ಹೇಳಿದಳು. "ಚರಣನ ರಿಪೋರ್ಟು ಸಂಜೆ ಬಂದಿದ್ದಲ್ಲ. ಹನ್ನೊಂದು ನಲವತ್ತಕ್ಕೇ ಬಂದಿತ್ತು. ನಾನು ನೋಡಿದ್ದೆ. ಲ್ಯಾಬಿನವ್ರು ತಡ ಮಾಡ್ಲಿಲ್ಲ. ನಾನು ಮಾಡ್ದೆ."

ಪಾದಗಳು ಅಲ್ಲಾಡಲಿಲ್ಲ. ಗೋಡೆಯ ಮೇಲಿನ ಕೊಳವೆಯಿಂದ ಒಳ್ಳೆಯ ನೀರಿನ ನಳಿಕೆ ಆಸರೆ ತಪ್ಪಿ ನೇತಾಡುತ್ತಿತ್ತು, ಹನಿ ನೇರ ನೆಲಕ್ಕೆ ಬೀಳುತ್ತಿತ್ತು. ಅವಳು ಏಟಿಗೆ ಕಾದಳು, ಕೂಗಿಗೆ ಕಾದಳು, ಅಳುವಿಗೆ ಕಾದಳು. ಪಂಕಜಾ ಬಗ್ಗಿ, ನೀಲಿಯ ಡ್ರಮ್ಮನ್ನು ಎಳೆದು, ನಳಿಕೆಯನ್ನು ಅದರ ಬಾಯಿಗೆ ಸಿಕ್ಕಿಸಿದರು. ಸಿಕ್ಕಿಸುವಾಗ ಅವರ ಕೈ ಮೂರು ಸಲ ತಪ್ಪಿತು. ಆಮೇಲೆ ಅವಳನ್ನು ದಾಟಿಕೊಂಡು, ಮುಟ್ಟದೆ, ಹಾಲಿಗೆ ಹೋದರು.

ಬಹಳ ಹೊತ್ತಿನ ಮೇಲೆ ಅಲ್ಲಿಂದ ದನಿ ಬಂತು. ಬಾರೇ ಅನ್ನಲಿಲ್ಲ, ಹೆಸರೂ ಹಿಡಿಯಲಿಲ್ಲ. "ಬಾ ಇಲ್ಲಿ."

ತೊಟ್ಟಿಯ ಎದುರಿನ ಮಣೆ ಖಾಲಿಯಿತ್ತು. ಪಂಕಜಾ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು, ಭೂತಗನ್ನಡಿಯನ್ನು ಮಣೆಯ ಮೇಲಿಟ್ಟಿದ್ದರು. ಅವರು ಅವಳ ಕಡೆ ನೋಡಲಿಲ್ಲ, ತೊಟ್ಟಿಯ ಕಡೆಯೂ ನೋಡಲಿಲ್ಲ. ಕೈ ಮಡಿಲಲ್ಲಿತ್ತು.

"ಕೂತ್ಕೋ. ಎಣಿಸು. ಬೆಳಿಗ್ಗೆ ನೀನು ಎಣಿಸ್ಲಿಲ್ಲ, ನಂಗೊತ್ತು. ಈಗ ಎಣಿಸು. ಜೋರಾಗಿ. ಹೇಗಿದೆಯೋ ಹಾಗೆ ಹೇಳು."

ಮಹತಿ ಮಣೆಯ ಮೇಲೆ ಕೂತಳು. ಒದ್ದೆ ಬಟ್ಟೆಯಿಂದ ನೀರಿಳಿದು ಮಣೆಯ ಸುತ್ತ ಹರಡಿತು. ಭೂತಗನ್ನಡಿಯನ್ನು ಗಾಜಿಗೆ ತಗುಲಿಸಿದಾಗ ತಾಯಿಮೀನಿನ ಕೆಂಪು ಕಣ್ಣು ಒಂದೇಸಲ ದೊಡ್ಡದಾಗಿ ಎದುರು ಬಂತು, ಅವಳನ್ನು ನೋಡಿತು, ಸರಿದುಹೋಯಿತು. ಶಂಕುವಿನ ಮೇಲ್ತುದಿಯಿಂದ ಆರಂಭಿಸಿದಳು. "ಒಂದು," ಅಂದಳು. "ಎರಡು. ಮೂರು." ಹದಿನೈದರ ಹತ್ತಿರ ಕಣ್ಣು ಕಲಸಿತು, ನಿಲ್ಲಿಸಿ, ಒರೆಸಿಕೊಂಡು, ಹಿಂದಿನ ಸಾಲಿಗೆ ಹೋಗಿ ಮತ್ತೆ ಹಿಡಿದಳು. ಹದಿನಾರು, ಹದಿನೇಳು, ಹದಿನೆಂಟು. ಅದರ ಪಕ್ಕದ್ದಕ್ಕೆ ಬಂದು ಉಸಿರು ಹಿಡಿದಳು. ತಂದೆಮೀನು ರೆಕ್ಕೆ ಬೀಸಿತು, ಸುತ್ತಲಿನ ಬಾಲಗಳೆಲ್ಲ ನಡುಗಿದವು. ಕಾದಳು. ಮತ್ತೊಮ್ಮೆ ಬೀಸಿತು.

"ಹತ್ತೊಂಬತ್ತನೇದು ಅಲ್ಲಾಡ್ತಿಲ್ಲ," ಅಂದಳು.

ಪಂಕಜಾ ಕಣ್ಣು ಮುಚ್ಚಿಕೊಂಡರು.

"ಮುಂದಕ್ಕೆ."